ಒತ್ತಡ ಹೆಚ್ಚುಕಡಿಮೆ ಒಂದೇ, ಗಾಳಿ ಯಾಕೆ ಬೇರೆ?

ಪ್ರಶ್ನೆ: 1992ರ ಆಂಡ್ರ್ಯೂ ಹರಿಕೇನ್ (ಚಂಡಮಾರುತ) ಅಮೆರಿಕದ ಫ್ಲಾರಿಡಾಕ್ಕೆ ಅಪ್ಪಳಿಸಿದಾಗ ಅದರ ಕೇಂದ್ರದ ಒತ್ತಡ 922 ಮಿಲಿಬಾರ್. 2005ರ ಕತ್ರಿನಾ ಲೂಸಿಯಾನಾದ ದಡ ಮುಟ್ಟಿದಾಗ 920. ಒತ್ತಡ ಇಳಿದಷ್ಟೂ ಗಾಳಿ ಜೋರು ಅಂತ ಓದಿದ್ದೇನೆ. ಆದರೂ ಆಂಡ್ರ್ಯೂ ಐದನೇ ದರ್ಜೆ (ಅತಿ ಜೋರಿನದು), ಕತ್ರಿನಾ ಮೂರನೇ ದರ್ಜೆ. ಯಾಕೆ?
– ಪದವಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ಹಡಗಿನಲ್ಲಿದ್ದ ವರ್ಷಗಳಲ್ಲಿ ನನ್ನ ಪಾಳಿಯಲ್ಲಿ ಗಂಟೆಗೊಮ್ಮೆ ಬ್ಯಾರೋಮೀಟರ್ ನೋಡಿ ಬರೆದಿಡಬೇಕಿತ್ತು. ಗಾಜನ್ನು ಬೆರಳಲ್ಲಿ ಮೆಲ್ಲಗೆ ತಟ್ಟಿ, ಮುಳ್ಳು ಅಲುಗಿ ನಿಂತ ಮೇಲೆ ಓದುವುದು. ಕ್ಯಾಪ್ಟನ್ ಕೇಳುತ್ತಿದ್ದದ್ದು “ಎಷ್ಟಿದೆ?” ಅಂತಲ್ಲ, “ಹೋದ ಗಂಟೆಯಿಂದ ಎಷ್ಟು ಇಳೀತು?” ಅಂತ. ನಿಮಗೆ ಬೇಕಾದ ಉತ್ತರವೂ ಅಲ್ಲೇ ಇದೆ.

ಗಾಳಿಯನ್ನು ನೂಕುವುದು ಒತ್ತಡದ ಇಳಿಜಾರು. ನಿಮ್ಮ ದೇವಿಮನೆ ಘಟ್ಟವನ್ನು ಎರಡೇ ಮೈಲಿಯಲ್ಲಿ ಇಳಿಸಿದರೂ ಹತ್ತು ಮೈಲಿ ಸುತ್ತಿಸಿ ಇಳಿಸಿದರೂ ಇಳಿದ ಎತ್ತರ ಅಷ್ಟೇ. ವ್ಯತ್ಯಾಸ ಗೊತ್ತಾಗುವುದು ಬ್ರೇಕಿನ ಮೇಲೆ ಕಾಲಿಟ್ಟವರಿಗೆ. ಆಂಡ್ರ್ಯೂ ಪುಟ್ಟ, ಬಿಗಿಯಾದ ಸುಳಿ. ಒತ್ತಡವೆಲ್ಲ ಕೆಲವೇ ಮೈಲಿಗಳಲ್ಲಿ ಕುಸಿದಿತ್ತು. ಹಾಗಾಗಿ ಗಾಳಿ ಗಂಟೆಗೆ ಸುಮಾರು 265 ಕಿ.ಮೀ. ಕತ್ರಿನಾದ ಕುಸಿತ ಬಲು ಅಗಲಕ್ಕೆ ಹರಡಿತ್ತು; ಗಾಳಿ ಸುಮಾರು 205.

ಹಾಗಂತ ಕತ್ರಿನಾ ಸಣ್ಣದು ಅಂದುಕೊಳ್ಳಬೇಡಿ. ಅಷ್ಟು ಅಗಲದ ಗಾಳಿ ತಳ್ಳಿ ತಂದ ಸಮುದ್ರ ಮಿಸಿಸಿಪಿ ರಾಜ್ಯದ ಕರಾವಳಿಯಲ್ಲಿ ಎಂಟು ಮೀಟರಿಗೂ ಮಿಕ್ಕಿ ಏರಿತು. ದರ್ಜೆ ಹೇಳುವುದು ಗಾಳಿಯನ್ನು ಮಾತ್ರ. ಮೊದಲು ಈ ದರ್ಜೆಗಳನ್ನು ಕೊಡುವ ಸಾಫಿರ್-ಸಿಂಪ್ಸನ್ ಪಟ್ಟಿಯಲ್ಲಿ ಒತ್ತಡ, ಉಬ್ಬರದ ಎತ್ತರ ಎರಡೂ ಇದ್ದವು, 2010ರಲ್ಲಿ ತೆಗೆದರು. ಒಳ್ಳೆಯದೇ ಆಯಿತು. ಒಂದೇ ಅಂಕಿಗೆ ಮೂರು ಕೆಲಸ ಹೊರಿಸಿದರೆ ಜನ ಮೋಸ ಹೋಗುತ್ತಾರೆ.

ಇನ್ನೊಂದು ವಿಷಯ. ದಾಖಲೆಯಲ್ಲಿ ಆಂಡ್ರ್ಯೂ ಹತ್ತು ವರ್ಷ ನಾಲ್ಕನೇ ದರ್ಜೆಯಲ್ಲೇ ಇತ್ತು. ಸುಳಿಯೊಳಗೆ ಹಾರುವ ವಿಮಾನ ಅಳೆಯುವುದು ಮೂರು ಕಿ.ಮೀ. ಮೇಲಿನ ಗಾಳಿ, ನೆಲದಲ್ಲಿ ಎಷ್ಟು ಅಂತ ಲೆಕ್ಕ ಹಾಕಬೇಕು. 1997ರಿಂದ ವಿಮಾನದಿಂದ ಬೀಳಿಸತೊಡಗಿದ, ಬೀಳುತ್ತಲೇ ಗಾಳಿ ಅಳೆದು ತಿಳಿಸುವ ಜಿಪಿಎಸ್ ಡ್ರಾಪ್‌ಸಾಂಡ್‌ಗಳು, ಕಣ್ಣಿನ ಗೋಡೆಯಲ್ಲಿ (ಸುಳಿಯ ಶಾಂತ ನಡುವನ್ನು ಸುತ್ತಿದ, ಗಾಳಿ ಅತಿ ಜೋರಾದ ಭಾಗ) ಮೇಲಿನ ಗಾಳಿಯ ಶೇಕಡ 90ರಷ್ಟು ವೇಗ ಕೆಳಗೂ ಇರುತ್ತದೆ ಎಂದು ತೋರಿಸಿದವು. ಹಳೆಯ ಲೆಕ್ಕ ಕಡಿಮೆಯಾಗಿತ್ತು. 2002ರಲ್ಲಿ ದರ್ಜೆ ತಿದ್ದಿದರು.

ಗಾಳಿ ಅಳೆಯುವುದು ಅಷ್ಟು ಕಷ್ಟ. ಆಂಡ್ರ್ಯೂ ಬಂದಾಗ ಫ್ಲಾರಿಡಾದ ಪೆರೀನ್ ಎಂಬಲ್ಲಿ ಒಂದು ಮನೆಯ ಗಾಳಿಮಾಪಕ ಗಂಟೆಗೆ ಸುಮಾರು 340 ಕಿ.ಮೀ. ಬೀಸನ್ನು ತೋರಿಸಿತ್ತು. ಅದೇ ಮಾದರಿಯ ಮಾಪಕಗಳನ್ನು ಆಮೇಲೆ ಗಾಳಿಸುರಂಗದಲ್ಲಿಟ್ಟು ನೋಡಿದರೆ ಅವು ಹೆಚ್ಚು ತೋರಿಸುತ್ತಿದ್ದವು. ತಿದ್ದಿದ ಅಂಕಿ ಸುಮಾರು 285. ಬ್ಯಾರೋಮೀಟರಿಗೆ ಈ ಪಾಡಿಲ್ಲ, ಮನೆಯೊಳಗೆ ಗೋಡೆಗೆ ತೂಗುಹಾಕಿದ್ದರೂ ಓದು ಸಿಗುತ್ತದೆ. ನೀವು ಬರೆದ 922ರ ಹಿಂದೆ ಇರುವುದೂ ಫ್ಲಾರಿಡಾದ ಹೋಮ್‌ಸ್ಟೆಡ್ ಕಡೆಯ ಮನೆಗಳ ಅಂಥ ಬ್ಯಾರೋಮೀಟರ್‌ಗಳೇ. ಆ ರಾತ್ರಿ ಯಾರೋ ಅವುಗಳ ಮುಳ್ಳು ನೋಡಿ ನೆನಪಿಟ್ಟುಕೊಂಡಿದ್ದರು.