ಎಸ್‌ಎಂಡಿಆರ್ ಪೋರ್ಟ್: ಪರದೆ ಖಾಲಿ ಏಕೆ?

ಪ್ರಶ್ನೆ: ಕಚೇರಿಯ ಇಪಿಎಬಿಎಕ್ಸ್‌ನಿಂದ (ಒಳಗಿನ ಟೆಲಿಫೋನ್ ಎಕ್ಸ್‌ಚೇಂಜ್) ಕರೆಗಳ ವಿವರ, ಅಂದರೆ ಎಸ್‌ಎಂಡಿಆರ್, ಪಡೆಯಲು ಅದರ ಸೀರಿಯಲ್ ಪೋರ್ಟಿಗೆ ಯುಎಸ್‌ಬಿ ಕನ್ವರ್ಟರ್ ಮೂಲಕ ಕಂಪ್ಯೂಟರ್ ಜೋಡಿಸಿದ್ದೇವೆ. ಒಂದಕ್ಷರವೂ ಬರುತ್ತಿಲ್ಲ. ಪೋರ್ಟ್ ಕೆಟ್ಟಿದೆಯೇ?

ಉತ್ತರ: ಪೋರ್ಟ್ ಕೆಡುವುದು ಅಪರೂಪ. ಕರೆ ಮುಗಿದು ರಿಸೀವರ್ ಇಟ್ಟ ಮೇಲಷ್ಟೇ ಸಾಲು ಬರುತ್ತದೆ, ಒಳಗಿನ ಎಕ್ಸ್‌ಟೆನ್ಷನ್ ಕರೆಗಳು ಸಾಮಾನ್ಯವಾಗಿ ದಾಖಲಾಗುವುದೂ ಇಲ್ಲ. ಪ್ರೋಗ್ರಾಮಿಂಗ್‌ನಲ್ಲಿ ಎಸ್‌ಎಂಡಿಆರ್ ಆನ್ ಆಗಿದೆಯೇ ನೋಡಿಕೊಂಡು, ಹೊರಗಿನ ನಂಬರಿಗೆ ಒಂದು ಕರೆ ಮಾಡಿ ಇಡಿ.

ಆಗಲೂ ಬಾರದಿದ್ದರೆ ಕೇಬಲ್ ಮೇಲೆ ಅನುಮಾನ ಪಡಿ. ಕಂಪ್ಯೂಟರ್ ಕಡೆಯ 9 ಪಿನ್ನಿನಲ್ಲಿ 2 ಕೇಳುತ್ತದೆ, 3 ಕಳಿಸುತ್ತದೆ, 5 ಗ್ರೌಂಡ್. ಎಕ್ಸ್‌ಚೇಂಜ್ ಕೂಡ 3ರಲ್ಲೇ ಕಳಿಸುವಂಥದ್ದಾದರೆ ನೇರ ಕೇಬಲ್ ಕೆಲಸಕ್ಕೆ ಬಾರದು: ಇಬ್ಬರೂ ಮಾತಾಡುತ್ತಾರೆ, ಕೇಳುವವರಿಲ್ಲ. ಊಹೆ ಬೇಡ, ಅಳೆದುಬಿಡಿ. ಕೇಬಲ್ ಕಳಚಿ, ಮಲ್ಟಿಮೀಟರನ್ನು ಡಿಸಿಗೆ ಇಟ್ಟು, ಎಕ್ಸ್‌ಚೇಂಜ್ ಪೋರ್ಟಿನ 5ಕ್ಕೆ ಕಪ್ಪು ತಂತಿ ಹಿಡಿದು ಕೆಂಪನ್ನು 2 ಮತ್ತು 3ಕ್ಕೆ ಮುಟ್ಟಿಸಿ. ಸುಮ್ಮನಿರುವಾಗ ಕಳಿಸುವ ಪಿನ್ನಿನಲ್ಲಿ ಸಾಮಾನ್ಯವಾಗಿ ಮೈನಸ್ 5ರಿಂದ ಮೈನಸ್ 12 ವೋಲ್ಟ್ ಸ್ಥಿರವಾಗಿರುತ್ತದೆ. ಕೇಳುವ ಪಿನ್ ಸೊನ್ನೆಯ ಆಸುಪಾಸು. ಮೈನಸ್ ಸಿಕ್ಕಿದ್ದು 3ರಲ್ಲಾದರೆ ನಲ್ ಮೋಡೆಮ್ ಕೇಬಲ್ (ಕಳಿಸುವ, ಕೇಳುವ ತಂತಿಗಳನ್ನು ಅದಲುಬದಲು ಮಾಡಿರುವಂಥದ್ದು), 2ರಲ್ಲಾದರೆ ನೇರ ಕೇಬಲ್. ಪೋರ್ಟ್ 25 ಪಿನ್ನಿನದಾದರೆ ಗ್ರೌಂಡ್ 7ರಲ್ಲಿದೆ, 2 ಮತ್ತು 3ರ ಕೆಲಸವೂ ಅದಲುಬದಲು. ಎಡವುವವರು ಹೆಚ್ಚಾಗಿ ಇಲ್ಲೇ. ಆರ್‌ಜೆ45 ಸೀರಿಯಲ್ ಪೋರ್ಟುಗಳಿಗಂತೂ ತಯಾರಕರ ಪಿನ್ ಪಟ್ಟಿ ಬೇಕೇಬೇಕು. ತಪ್ಪಿ ಎಕ್ಸ್‌ಟೆನ್ಷನ್ ಜಾಕಿಗೆ ಸಿಕ್ಕಿಸಿದರೆ ರಿಂಗ್ ಬಂದಾಗಿನ 75–90 ವೋಲ್ಟ್ ಎಸಿ ಕನ್ವರ್ಟರನ್ನು ಸುಟ್ಟೀತು.

ಕನ್ವರ್ಟರ್ ಪರೀಕ್ಷೆ ಸುಲಭ: ಟರ್ಮಿನಲ್ ಪ್ರೋಗ್ರಾಮಿನಲ್ಲಿ ಫ್ಲೋ ಕಂಟ್ರೋಲ್ (ಡೇಟಾ ಕಳಿಸು, ನಿಲ್ಲಿಸು ಎನ್ನುವ ವ್ಯವಸ್ಥೆ) ತೆಗೆದು, ಕನ್ವರ್ಟರಿನ 2 ಮತ್ತು 3ನ್ನು ಒಂದು ತುಂಡು ತಂತಿಯಿಂದ ಸೇರಿಸಿ ಟೈಪ್ ಮಾಡಿ. ಟೈಪಿಸಿದ್ದು ಮರಳಿ ಬಂದರೆ ಕನ್ವರ್ಟರ್, ಡ್ರೈವರ್ ಎರಡೂ ಸರಿ.

ಇನ್ನೂ ಖಾಲಿಯೇ? ಎಕ್ಸ್‌ಚೇಂಜ್ ಹ್ಯಾಂಡ್‌ಶೇಕ್‌ಗೆ, ಅಂದರೆ ಆ ಕಡೆಯಿಂದ ‘ಸಿದ್ಧ, ಕಳಿಸು’ ಎಂಬ ಸಂಕೇತಕ್ಕೆ, ಕಾಯುತ್ತಿರಬಹುದು. ಅದರ ಕಡೆಯ 9 ಪಿನ್ ಕನೆಕ್ಟರಿನಲ್ಲಿ 7ನ್ನು 8ಕ್ಕೆ, 4ನ್ನು 6 ಮತ್ತು 1ಕ್ಕೆ ಸೇರಿಸಿದರೆ ಡೇಟಾ ಹರಿಯುತ್ತದೆ. ಆದರೆ ಇದನ್ನು ಪರೀಕ್ಷೆಗಷ್ಟೇ ಇಟ್ಟುಕೊಳ್ಳಿ. ಹೀಗೆ ಮಾಡಿದಾಗ ಕಂಪ್ಯೂಟರ್ ಆಫ್ ಇದ್ದರೂ ಎಕ್ಸ್‌ಚೇಂಜ್ ಸಾಲುಗಳನ್ನು ಸುರಿಯುತ್ತಲೇ ಇರುತ್ತದೆ. ಎಕ್ಸ್‌ಚೇಂಜಿನ ಬಫರಿನಲ್ಲಿ (ತಾತ್ಕಾಲಿಕ ಮೆಮೊರಿ) ಉಳಿಯಬೇಕಾದ ದಾಖಲೆ ಕಳೆದುಹೋಗುತ್ತದೆ. ಕಾಯಂ ಬಳಕೆಗೆ ಎಲ್ಲ ತಂತಿಗಳೂ ಇರುವ ಕೇಬಲ್ ಹಾಕಿ, ಎರಡೂ ಕಡೆ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಆರಿಸಿ.

ಪ್ರಶ್ನೆ: ಸಾಲುಗಳು ಬರುತ್ತವೆ. ಆದರೆ 0, 3, 5, 6, 9 ಸರಿಯಾಗಿ ಕಂಡು, ಉಳಿದ ಅಂಕಿಗಳ ಜಾಗದಲ್ಲಿ ವಿಚಿತ್ರ ಚಿಹ್ನೆ ಬೀಳುತ್ತದೆ.

ಉತ್ತರ: ಪ್ರಶ್ನೆಯಲ್ಲೇ ಉತ್ತರವಿದೆ. ಎಕ್ಸ್‌ಚೇಂಜ್ 7 ಡೇಟಾ ಬಿಟ್, ಈವನ್ ಪ್ಯಾರಿಟಿಯಲ್ಲಿ (ಒಂದುಗಳ ಸಂಖ್ಯೆ ಸಮವಾಗುವಂತೆ ಸೇರಿಸುವ ತಪಾಸಣೆ ಬಿಟ್) ಕಳಿಸುತ್ತಿದೆ, ನೀವು 8 ಬಿಟ್, ಪ್ಯಾರಿಟಿ ಇಲ್ಲದೆ ಓದುತ್ತಿದ್ದೀರಿ. 1, 2, 4, 7, 8ರ ಆಸ್ಕಿ ಸಂಕೇತದಲ್ಲಿ ಬೆಸ ಸಂಖ್ಯೆಯ ಒಂದುಗಳಿರುವುದರಿಂದ ಪ್ಯಾರಿಟಿ ಬಿಟ್ ಏರಿ ಎಂಟನೇ ಡೇಟಾ ಬಿಟ್ಟಿನಂತೆ ಓದಿಸಿಕೊಳ್ಳುತ್ತದೆ. ಸೆಟ್ಟಿಂಗ್ ಹೊಂದಿಸಿ, ಕೇಬಲ್ ಮುಟ್ಟಬೇಡಿ. ಪೂರ್ತಿ ಸಾಲೇ ಕಸವಾಗಿದ್ದರೆ ಮಾತ್ರ ಬಾಡ್ ರೇಟ್ (ಡೇಟಾ ವೇಗ) ಬದಲಿಸಿ ನೋಡಿ: 9600, 4800, 2400, 1200.

ಪ್ರಶ್ನೆ: ಎಕ್ಸ್‌ಚೇಂಜಿಗೂ ಕಂಪ್ಯೂಟರಿಗೂ 40 ಮೀಟರ್ ಅಂತರ. ಕೇಬಲ್ ಎಳೆಯಬಹುದೇ?

ಉತ್ತರ: ಈ ಬಗೆಯ ಸೀರಿಯಲ್ ಪೋರ್ಟಿನ ಮಾನದಂಡವಾದ ಆರ್‌ಎಸ್-232ಗೆ ಸುಮಾರು 15 ಮೀಟರ್ ಎಂಬುದು ಹಳೆಯ ಲೆಕ್ಕ. ವೇಗ ಇಳಿಸಿದರೆ ಇನ್ನಷ್ಟು ದೂರ ನಡೆಯುತ್ತದೆ, ಆದರೆ ಎರಡು ಕಡೆಯ ಅರ್ಥಿಂಗ್ ವ್ಯತ್ಯಾಸ ಪೋರ್ಟಿಗೇ ಅಪಾಯ. ಎಕ್ಸ್‌ಚೇಂಜ್ ಪಕ್ಕದಲ್ಲೇ ಒಂದು ಸೀರಿಯಲ್-ಈಥರ್ನೆಟ್ ಕನ್ವರ್ಟರ್ ಇಟ್ಟು ಲ್ಯಾನ್ ಮೂಲಕ ತನ್ನಿ.