ಮೂನ್ ಕ್ಲಿಪ್ ಇದ್ದರೂ ರಿವಾಲ್ವರ್ ರೀಲೋಡ್ ತಡವಾಗುವುದು, ಸಿಲಿಂಡರ್ ಕಚ್ಚಿಕೊಳ್ಳುವುದು ಯಾಕೆ?

ಸ್ಪರ್ಧೆಯಲ್ಲಿ .45 ಎಸಿಪಿ (ಒಂದು ಬಗೆಯ ತೋಟಾ) ರಿವಾಲ್ವರನ್ನು ಮೂನ್ ಕ್ಲಿಪ್‌ನಿಂದ, ಅಂದರೆ ಆರೂ ತೋಟಾಗಳನ್ನು ಒಟ್ಟಿಗೆ ಹಿಡಿಯುವ ತಗಡಿನ ಬಿಲ್ಲೆಯಿಂದ, ಬೇಗ ತುಂಬುವುದು ಹೇಗೆ, ನಡುವೆ ಒಮ್ಮೊಮ್ಮೆ ಸಿಲಿಂಡರ್ ಕಚ್ಚಿಕೊಂಡು ಟ್ರಿಗರ್ ಕಲ್ಲಾಗುವುದು ಯಾಕೆ ಅಂತ ಕೇಳಿದ್ದೀರಿ. ಎರಡನೆಯದನ್ನೇ ಮೊದಲು ನೋಡೋಣ.

ನನಗೆ ಮೊದಲ ಅನುಮಾನ ಕ್ಲಿಪ್ ಮೇಲೆ, ಅದು ಸೊಟ್ಟಗಾಗಿರಬೇಕು. ಒಂದು ಮಿಲಿಮೀಟರ್ ಆಸುಪಾಸಿನ ತಗಡು ಅದು. ಅದರ ಹಲ್ಲುಗಳು ತೋಟಾದ ಬುಡದ ಸುತ್ತಲಿನ ತೋಡನ್ನು ಹಿಡಿದಿರುತ್ತವೆ. ಒಂದು ಹಲ್ಲು ಹಿಂದಕ್ಕೆ ಬಾಗಿದರೂ ಆ ತೋಟಾದ ಬುಡ ಫ್ರೇಮಿಗೆ ಉಜ್ಜುತ್ತದೆ. ಮುಂದಕ್ಕೆ ಬಾಗಿದರೆ ಫೈರಿಂಗ್ ಪಿನ್ನಿನ ಹೊಡೆತ ಸಾಲದೆ ಗುಂಡು ಹಾರದಿರಬಹುದು.

ಕ್ಲಿಪ್‌ಗಳಿಗೆಲ್ಲ ಮಾರ್ಕರ್‌ನಲ್ಲಿ ನಂಬರ್ ಬರೆಯಿರಿ. ಖಾಲಿ ಕ್ಲಿಪ್ಪನ್ನು ಗಾಜಿನ ಮೇಲಿಟ್ಟು ಬೆರಳಿನಿಂದ ಅಂಚು ಒತ್ತಿ. ಕುಂಟಿದರೆ ಅದು ಕಸಕ್ಕೆ. ತಟ್ಟಿ ನೇರ ಮಾಡಲು ಹೋಗಬೇಡಿ, ಸ್ಪರ್ಧೆಯ ದಿನವೇ ಕೈಕೊಡುತ್ತದೆ. ಆಮೇಲೆ ಮದ್ದಿಲ್ಲದ ಡಮ್ಮಿ ತೋಟಾ ತುಂಬಿ, ನಳಿಗೆಯ ಬಾಯಿ ಸುರಕ್ಷಿತ ದಿಕ್ಕಿಗಿರಲಿ, ಟ್ರಿಗರನ್ನು ನಿಧಾನ ಎಳೆಯುತ್ತಾ ಒಂದು ಪೂರ್ತಿ ಸುತ್ತು ಹಾಕಿಸಿ. ಒಂದೇ ನಂಬರಿನದು ಬಿಗಿಯಾದರೆ ತಪ್ಪು ಕ್ಲಿಪ್‌ನದು. ಎಲ್ಲವೂ ಬಿಗಿಯಾದರೆ ಎಕ್ಸ್‌ಟ್ರಾಕ್ಟರ್ ನಕ್ಷತ್ರದ (ಸಿಲಿಂಡರ್ ಹಿಂಬದಿಯಲ್ಲಿ ತೋಟಾಗಳನ್ನು ಹೊರತಳ್ಳುವ ನಕ್ಷತ್ರಾಕಾರದ ತುಂಡು) ಅಡಿ ನೋಡಿ. ಅರೆಬೆಂದ ಮದ್ದಿನ ನಾಲ್ಕು ಕಾಳು ಅಲ್ಲಿ ಕೂತರೆ ಸಾಕು. ಹಲ್ಲುಜ್ಜುವ ಹಳೇ ಬ್ರಷ್ಷಿನಲ್ಲಿ ಉಜ್ಜಿದರೆ ಹೋಗುತ್ತದೆ. ಹಾರಿಸಿದ ತೋಟಾದ ಕವಚಕ್ಕೇ ಮತ್ತೆ ಮದ್ದು, ಗುಂಡು ತುಂಬಿ ಮಾಡಿದ ತೋಟಾಗಳಾದರೆ ಪ್ರೈಮರ್ (ಬುಡದ ನಡುವೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು) ಉಬ್ಬಿದೆಯೇ ಎಂದು ಬೆರಳು ಸವರಿ ನೋಡಿ, ಅದೂ ಇದೇ ಕಾಟ ಕೊಡುತ್ತದೆ.

ಕ್ಲಿಪ್ ಬಾಗುವುದು ಹೆಚ್ಚಾಗಿ ಖಾಲಿ ಕೇಸುಗಳನ್ನು (ತೋಟಾದ ಲೋಹದ ಕವಚ) ಬೆರಳಿನಲ್ಲಿ ಮೀಟಿ ತೆಗೆಯುವಾಗ. ಕೇಸಿನ ಮೇಲೆ ಕೂರುವ ಕೊಳವೆಯಂಥ ಡೀಮೂನರ್ ತಗೊಂಡು ತಿರುಚಿ ತೆಗೆಯಿರಿ. ತುಂಬಿದ ಕ್ಲಿಪ್ಪನ್ನು ಜೇಬಿಗೆ ಹಾಕಬೇಡಿ, ಬೆಲ್ಟಿನ ಗೂಟದ ಮೇಲಿರಲಿ. ಇನ್ನೊಂದು: ಬೇರೆ ಬೇರೆ ಕಂಪನಿಯ ಕೇಸುಗಳ ತೋಡು ಒಂದೇ ಅಳತೆಯಲ್ಲ. ಒಂದರಲ್ಲಿ ಗಟ್ಟಿ ಕೂರುವ ಕ್ಲಿಪ್ ಇನ್ನೊಂದರಲ್ಲಿ ಲೊಡಲೊಡ. ಒಂದೇ ಕಂಪನಿಯ ಕೇಸ್ ಆರಿಸಿ. ತೋಟಾ ಸ್ವಲ್ಪ ಅಲ್ಲಾಡಿದರೆ ಒಳ್ಳೆಯದೇ, ರಂಧ್ರವನ್ನು ತಾನೇ ಹುಡುಕಿಕೊಳ್ಳುತ್ತದೆ. ಜೋತುಬಿದ್ದರೆ ಮಾತ್ರ ಆಗುವುದಿಲ್ಲ.

ಈಗ ಕೈಯ ವಿಷಯ. ಡಮ್ಮಿಯಲ್ಲೇ ಕಲಿಯಿರಿ. ಬೆರಳು ಟ್ರಿಗರ್‌ನಿಂದ ಹೊರಗೆ, ಸಿಲಿಂಡರ್ ಹೊರಗೆ, ನಳಿಗೆ ಆದಷ್ಟು ನೆಟ್ಟಗೆ ಮೇಲಕ್ಕೆ (ರೇಂಜಿನ ನಿಯಮ ಒಪ್ಪುವಷ್ಟು). ಎಜೆಕ್ಟರ್ ರಾಡಿಗೆ (ಖಾಲಿ ಕೇಸು ಹೊರಹಾಕಲು ಒತ್ತುವ ಕಡ್ಡಿ) ಒಂದೇ ಪೆಟ್ಟು, ಕೊನೆಯವರೆಗೆ. ಅಳುಕುತ್ತಾ ಎರಡು ಸಲ ತಳ್ಳಿದರೆ ಕ್ಲಿಪ್ ಅರ್ಧಕ್ಕೆ ನಿಂತು ಹಿಡಿಯ ಪಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಪೂರ್ತಿ ತಳ್ಳಿದರೂ ಸಿಕ್ಕಿಕೊಂಡರೆ ಹಿಡಿಯನ್ನು ಅಲ್ಲಿ ಕೆತ್ತಿಸಬೇಕು. ಆಮೇಲೆ ನಳಿಗೆ ಕೆಳಕ್ಕೆ. ಆರೂ ತೋಟಾ ಒಟ್ಟಿಗೆ ಕೂರಿಸಲು ಹೆಣಗಬೇಡಿ: ತೋರುಬೆರಳು ಒಂದು ತೋಟಾದ ಮೂತಿಯ ಹತ್ತಿರವಿರಲಿ, ಅದೊಂದನ್ನು ಅದರ ರಂಧ್ರಕ್ಕೆ ತೋರಿಸಿ, ಉಳಿದ ಐದು ಹಿಂಬಾಲಿಸುತ್ತವೆ. ಕೈಬಿಡಿ, ತೂಕಕ್ಕೇ ಬೀಳುತ್ತದೆ. ದುಂಡು ಮೂತಿಯ ಗುಂಡಿಗೆ ಇದು ಸಲೀಸು, ಚಪ್ಪಟೆ ಮೂತಿಯದು ರಂಧ್ರದ ಅಂಚಿಗೆ ತಾಗಿ ನಿಲ್ಲುತ್ತದೆ. ಸಿಲಿಂಡರನ್ನು ಕೈಯಿಂದ ಒತ್ತಿ ಮುಚ್ಚಿ. ಸಿನಿಮಾದವರಂತೆ ಮಣಿಕಟ್ಟು ಜಾಡಿಸಿ ಮುಚ್ಚಿದರೆ ಸಿಲಿಂಡರ್ ಹೊತ್ತ ತೋಳು, ಅಂದರೆ ಕ್ರೇನ್, ಬಾಗುತ್ತದೆ.

1917ರ ಅಮೆರಿಕನ್ ಸೇನಾ ರಿವಾಲ್ವರಿಗೆ ಬಂದದ್ದು ಮೂರು ತೋಟಾ ಹಿಡಿಯುವ ಅರ್ಧಚಂದ್ರ, ಹೆಸರು ಬಂದದ್ದೂ ಆ ಆಕಾರದಿಂದಲೇ. ಅದು ಈಗಲೂ ಸಿಗುತ್ತದೆ, ಆದರೆ ಎರಡೆರಡು ಸಲ ಹಾಕಬೇಕು. ನಿಮ್ಮ ಕೆಲಸಕ್ಕೆ ಪೂರ್ಣಚಂದ್ರವೇ ಸರಿ. 1999ರಲ್ಲಿ ಅಮೆರಿಕದ ಶೂಟರ್ ಜೆರ್ರಿ ಮಿಕುಲೆಕ್ ಆರು ಹೊಡೆದು, ತುಂಬಿ, ಮತ್ತೆ ಆರು ಹೊಡೆದದ್ದು 2.99 ಸೆಕೆಂಡಿನಲ್ಲಿ, ಅದೂ .45 ಎಸಿಪಿ ರಿವಾಲ್ವರಿನಲ್ಲೇ. ನೀವು ಸದ್ಯಕ್ಕೆ ನಾಲ್ಕು ಸೆಕೆಂಡಿನಲ್ಲಿ ತಪ್ಪಿಲ್ಲದೆ ತುಂಬುವುದನ್ನು ಗುರಿಯಾಗಿಟ್ಟುಕೊಳ್ಳಿ.