ಸೇರುವ ಮೊದಲು ಕೇಳಿ: ಎಷ್ಟು ಗ್ಲಾಸ್ ಇಡ್ತೀರಿ?

ವೈನ್ ಬಗ್ಗೆ ಏನೂ ಗೊತ್ತಿಲ್ಲ, ಒಂದು ಸಂಜೆಯ ಕ್ಲಾಸ್ ಸಾಕಾ, ಸರ್ಟಿಫಿಕೇಟ್ ಕೋರ್ಸೇ ಬೇಕಾ ಅಂತ ಕೇಳಿದ್ದೀರಿ. ನಾನು ಎರಡೂ ಮಾಡಿದ್ದೇನೆ. ಮೊದಲನೆಯದರಲ್ಲಿ ದುಡ್ಡು ದಂಡವಾಯಿತು. ಅದನ್ನೇ ಮೊದಲು ಹೇಳುತ್ತೇನೆ.

ಆ ಕ್ಲಾಸ್ ನಡೆಸಿದ್ದು ವೈನ್ ಮಾರುವವರೇ. ಐದು ವೈನ್, ಒಂದೇ ಗ್ಲಾಸ್. ಒಂದು ಮುಗಿದ ಮೇಲೆ ಇನ್ನೊಂದನ್ನು ಅದಕ್ಕೇ ಸುರಿದರು. ಮೂರನೆಯದು ಬರುವ ಹೊತ್ತಿಗೆ ಮೊದಲನೆಯದು ಹೇಗಿತ್ತು ಅನ್ನುವುದೇ ಮರೆತುಹೋಗಿತ್ತು. ‘ಇದರಲ್ಲಿ ಚೆರ್ರಿ ಇದೆ, ಚರ್ಮದ ವಾಸನೆ ಇದೆ’ ಅಂತ ಅವರು ಹೇಳಿದರು, ನಾವೆಲ್ಲ ಸುಮ್ನೆ ತಲೆಯಾಡಿಸಿದೆವು. ಕೊನೆಗೆ ಆರ್ಡರ್ ಫಾರ್ಮ್ ಬಂತು.

ಹಾಗಾಗಿ ಸೇರುವ ಮೊದಲು ಗ್ಲಾಸಿನ ಲೆಕ್ಕ ಕೇಳಿ. ಕನಿಷ್ಠ ಎರಡು ವೈನ್ ಅಕ್ಕಪಕ್ಕ ಇಟ್ಟು ಹೋಲಿಸಲು ಬಿಡಬೇಕು. ಹೊಸಬರ ನಾಲಿಗೆಗೆ ಒಂದೇ ವೈನ್ ಕೊಟ್ಟರೆ ‘ವೈನ್ ತರಹ ಇದೆ’ ಅನ್ನಿಸುತ್ತದೆ, ಅಷ್ಟೇ. ಪಿನೋ ನ್ವಾರ್ ಅನ್ನುವ ಕೆಂಪು ವೈನಿನ ಪಕ್ಕದಲ್ಲಿ ಕ್ಯಾಬರ್ನೆ ಸೊವಿನ್ಯೋನ್ ಅನ್ನುವ ಇನ್ನೊಂದು ಕೆಂಪು ವೈನ್ ಇಟ್ಟು ನೋಡಿ. ಮೊದಲನೆಯದರ ದ್ರಾಕ್ಷಿಗೆ ಸಿಪ್ಪೆ ತೆಳು, ಎರಡನೆಯದಕ್ಕೆ ದಪ್ಪ. ಎರಡನೆಯದನ್ನು ಬಾಯಿಗೆ ಹಾಕಿಕೊಂಡ ತಕ್ಷಣ ಒಸಡು ಹಿಡಿದ ಹಾಗಾಗುತ್ತದೆ. ಹಾಲಿಲ್ಲದ ಟೀ ಜಾಸ್ತಿ ಹೊತ್ತು ನೆನೆದರೆ ಆಗುತ್ತದಲ್ವಾ, ಹಾಗೆ. ಪುಸ್ತಕದಲ್ಲಿ ಟ್ಯಾನಿನ್ ಅಂತ ಓದಿ ಹೆದರಿದ್ದೆ. ನೋಡಿದರೆ ನಮ್ಮ ಒಗರು! ಸಿಪ್ಪೆ, ಬೀಜದಿಂದ ಇಳಿಯುವ ಒಗರು.

ಇವೆರಡನ್ನು ಹೀಗೆ ಹೋಲಿಸಿದ ದಿನ ನಾನು ಜಾಣತನ ತೋರಿಸಲು ಹೋಗಿ ‘ಬಾಯಿ ಒಣಗಿತು, ಇದು ಡ್ರೈ ವೈನ್’ ಎಂದೆ. ಮೇಷ್ಟ್ರು ನಕ್ಕರು. ವೈನಿನ ಮಾತಿನಲ್ಲಿ ಡ್ರೈ ಅಂದರೆ ಸಿಹಿ ಇಲ್ಲ ಅಂತ, ಅಷ್ಟೇ. ಬಾಯಿ ಒಣಗಿಸುವುದು ಒಗರು, ಬಾಯಲ್ಲಿ ನೀರೂರಿಸುವುದು ಹುಳಿ, ಗಂಟಲಲ್ಲಿ ಬಿಸಿ ಎಬ್ಬಿಸುವುದು ಆಲ್ಕೋಹಾಲ್. ಮೊದಲ ಕ್ಲಾಸಿನಲ್ಲಿ ಈ ನಾಲ್ಕನ್ನು ಬೇರೆ ಬೇರೆಯಾಗಿ ಗುರುತಿಸಲು ಬಂದರೆ ಕೊಟ್ಟ ದುಡ್ಡು ಬಂದ ಹಾಗೆ. ಚೆರ್ರಿ, ಚರ್ಮ ಎಲ್ಲ ಆಮೇಲೆ.

ಇನ್ನೊಂದು, ಮೇಷ್ಟ್ರು ಉತ್ತರ ಹೇಳುವ ಮೊದಲು ನಿಮ್ಮ ಕೈಲಿ ಬರೆಸುತ್ತಾರಾ ನೋಡಿ. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಫ್ರಾನ್ಸಿನ ಬೋರ್ಡೋದ 54 ವೈನ್ ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ಕೆಂಪು ಬಣ್ಣ ಹಾಕಿ ಕೊಟ್ಟರು. ಅವರು ಅದನ್ನು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ವರ್ಣಿಸಿದರು. ಕಲಿಯುತ್ತಿದ್ದವರನ್ನೇ ಕಣ್ಣು ಹಾಗೆ ಏಮಾರಿಸಿತು. ಇನ್ನು ಮೇಷ್ಟ್ರು ಮೊದಲೇ ‘ಚೆರ್ರಿ’ ಅಂದುಬಿಟ್ಟರೆ ನಮಗೆ ಬೇರೇನು ಹೊಳೆದೀತು?

ರುಚಿ ನೋಡಿದ ವೈನನ್ನು ಉಗುಳುವ ಪಾತ್ರೆ ಇಡದ ಕಡೆ ಹೋಗಬೇಡಿ. ಅಸಹ್ಯ ಅನ್ನಿಸಬಹುದು, ನನಗೂ ಅನ್ನಿಸಿತ್ತು. ಆದರೆ ಲೆಕ್ಕ ಹಾಕಿ: 50 ಮಿಲಿಯಂತೆ ಆರು ವೈನ್ ಅಂದರೆ 300 ಮಿಲಿ. ಅಷ್ಟನ್ನೂ ಕುಡಿದವರಿಗೆ ಆರನೆಯದು ತುಂಬಾ ಚೆನ್ನಾಗಿಯೇ ಇರುತ್ತದೆ! ಎಷ್ಟು ಜನ ಬರುತ್ತಾರೆ ಅಂತಲೂ ಕೇಳಿ. 750 ಮಿಲಿ ಬಾಟಲಿ 50 ಮಿಲಿಯಂತೆ 15 ಜನಕ್ಕೆ ಬರುತ್ತದೆ. ಮೂವತ್ತು ಜನರಿಗೆ ಒಂದೇ ಬಾಟಲಿ ಅಂದರೆ ನಿಮಗೆ ಸಿಗುವುದು ಒಂದೆರಡು ಗುಟುಕು.

ಸರ್ಟಿಫಿಕೇಟ್ ವಿಷಯ. ಹೆಚ್ಚಿನವರು ಹೇಳುವುದು ಡಬ್ಲ್ಯೂಎಸ್‌ಇಟಿ, ವೈನ್ ಪಾಠ, ಪರೀಕ್ಷೆಗಳ ಸಂಸ್ಥೆ, 1969ರಲ್ಲಿ ಲಂಡನ್ನಿನಲ್ಲಿ ಶುರುವಾದದ್ದು. ಅದರ ಮೊದಲ ಹಂತ ಸುಮಾರು ಆರು ಗಂಟೆಯ ಪಾಠ, ಕೊನೆಗೆ ಸರಿ ಉತ್ತರ ಆರಿಸುವ 30 ಪ್ರಶ್ನೆ. ಎರಡನೇ ಹಂತದಲ್ಲಿ 50 ಪ್ರಶ್ನೆ. ಎರಡರಲ್ಲೂ ರುಚಿ ನೋಡುವ ಪರೀಕ್ಷೆ ಇಲ್ಲ, ಅದು ಬರುವುದು ಮೂರನೇ ಹಂತದಲ್ಲಿ. ಹೋಟೆಲ್ ಕೆಲಸಕ್ಕೋ ವ್ಯಾಪಾರಕ್ಕೋ ಬೇಕಿದ್ದರೆ ಮಾಡಿ. ಖುಷಿಗೆ ಅಂದರೆ ಮೊದಲು ಒಳ್ಳೆಯ ಒಂದು ಸಂಜೆ ಸಾಕು, ಆಸೆ ಉಳಿದರೆ ಮುಂದಕ್ಕೆ ನೋಡಿ.

ನನ್ನ ಎರಡನೇ ಮೇಷ್ಟ್ರು ಒಂದು ದಿನ ಬಾಟಲಿ ತೆಗೆದು ಮೂಸಿ ಮುಖ ಸಿಂಡರಿಸಿದರು. ಚೆಲ್ಲಲಿಲ್ಲ, ನಮಗೆಲ್ಲ ಮೂಸಲು ಕೊಟ್ಟರು. ಒದ್ದೆ ರಟ್ಟಿನ ವಾಸನೆ. ಕಾರ್ಕಿನಿಂದ ಟಿಸಿಎ ಅನ್ನುವ ರಾಸಾಯನಿಕ ಸೇರಿ ವೈನ್ ಕೆಟ್ಟಿತ್ತು. ಇಡೀ ಕೋರ್ಸಿನಲ್ಲಿ ಇವತ್ತಿಗೂ ಮರೆಯದ ಪಾಠ ಅದೇ. ಕೆಟ್ಟದ್ದನ್ನು ಮುಚ್ಚಿಡದೆ ತೋರಿಸುವ ಇಂಥವರು ಸಿಕ್ಕರೆ ಕೋರ್ಸಿನ ಹೆಸರು ಯಾವುದಿದ್ದರೂ ಸೇರಿಬಿಡಿ.

ಊಟ ಮಾಡಿಕೊಂಡೇ ಹೋಗಿ. ಸೆಂಟ್ ಹಾಕಿಕೊಳ್ಳಬೇಡಿ. ನಾನು ಹಾಕಿಕೊಂಡು ಹೋಗಿದ್ದೆ, ಪಕ್ಕದವರು ಮೆಲ್ಲಗೆ ಕುರ್ಚಿ ಎತ್ತಿಕೊಂಡು ಆ ತುದಿಗೆ ಹೋದರು.